ತಗಡಿನ ಆಚೆ ಬದಿಯ ಅತ್ತೆ

ನಮ್ಮ ಅತ್ತೆ ಸಿದ್ದಮ್ಮ ನನ್ನೆದುರು ಕುರ್ಚಿಯ ಮೇಲೆ ಕೂತದ್ದನ್ನು ನಾನು ಕಂಡೇ ಇಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಅಷ್ಟೂ ವರ್ಷ ಅವರು ನನ್ನ ಪಾಲಿಗೆ ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಕಾಣುವ ಅರ್ಧ ಮುಖ, ತಲೆಯ ಮೇಲಿನ ಸೆರಗು ಮತ್ತು ಒಂದು ಬೆಳ್ಳಿ ಕಡಗವಾಗಿಯೇ ಇದ್ದರು. ನನಗೆ ಹೇಳಬೇಕಾದ ಮಾತೆಲ್ಲ ಮಗಳ ಮೂಲಕ ಬರುತ್ತಿತ್ತು. ನಾನು ಎರಡು ಮಾರು ದೂರದಲ್ಲಿ ಉಣ್ಣುತ್ತ ಕೂತಿರುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಂದ, "ಸುವರ್ಣ, ಅಳಿಯಂದ್ರಿಗೆ ಇನ್ನೊಂದ್ ಮುದ್ದೆ ಬೇಕೇನೋ ಕೇಳು" ಅನ್ನುತ್ತಿದ್ದರು. ನನ್ನ ಹೆಂಡತಿ ಸುವರ್ಣ ನನ್ನ ಕಡೆ ತಿರುಗಿ "ಬೇಕೇನ್ರಿ?" ಎಂದು ಕೇಳುವಳು. ನಾನು ಸಾಕು ಅನ್ನುವೆ. ಅವಳು ಅತ್ತ ತಿರುಗಿ, "ಸಾಕಂತೆ ಕಣಮ್ಮ" ಎಂದು ಮುಟ್ಟಿಸುವಳು. ಎಲ್ಲರೂ ಕನ್ನಡದವರೇ ಆದ ಮನೆಯಲ್ಲಿ ಅವಳಿಗೆ ದುಭಾಷಿಯ ಕೆಲಸ.

ಮಡಕಶಿರದ ಕಡೆಯ ಹಳೆಯ ಹೆಂಗಸರಲ್ಲಿ ಇದು ಹೊಸದೇನಲ್ಲ. ಅಳಿಯನೆದುರು ಕೂರಬಾರದು, ಅಳಿಯನಿಗೆ ಎದುರಾಡಬಾರದು, ಅಳಿಯನ ಹೆಸರು ಹಿಡಿಯಬಾರದು. ಅತ್ತೆ ಇದನ್ನು ಯಾರೂ ಹೇಳದಿದ್ದರೂ ಉಸಿರಾಡಿದಷ್ಟು ಸಲೀಸಾಗಿ ಪಾಲಿಸುತ್ತಿದ್ದರು. ಅಂಥವರು ಒಂದು ಬೇಸಿಗೆಯಲ್ಲಿ ದಿನಕ್ಕೆ ನೂರಾರು ಸಲ ನನ್ನೊಡನೆ ನೇರವಾಗಿ ಮಾತಾಡಿದರು. ಅಲ್ಯುಮಿನಿಯಂ ತಗಡಿನ ಆಚೆ ಬದಿಯಲ್ಲಿ ಕೂತು, ಬೆರಳ ಗೆಣ್ಣಿನಿಂದ ತಗಡು ತಟ್ಟಿ ಮಾತಾಡಿದರು. ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂಬುದೇ ಈಗ ನನ್ನ ಕೊರಗು.

ನಾನು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಶೆಡ್ಡುಗಳಿಗೆ ಮೆಷಿನ್ ರಿಪೇರಿ ಮಾಡುವವನು. ವಯಸ್ಸಾದ ಮೇಲೆ ಕೆಲವರು ತೀರ್ಥಯಾತ್ರೆಗೆ ಹೊರಡುತ್ತಾರೆ, ಕೆಲವರು ರಾಜಕೀಯಕ್ಕೆ ಇಳಿಯುತ್ತಾರೆ. ನನಗೆ ವಿಮಾನ ಕಟ್ಟುವ ಹುಚ್ಚು ಹಿಡಿಯಿತು. ಇಬ್ಬರು ಕೂರುವ ಪುಟ್ಟ ವಿಮಾನ. ಅದರ ನಕ್ಷೆ ಹೊರದೇಶದಿಂದ ಒಂದು ದಪ್ಪ ಸುರುಳಿಯಾಗಿ ಬಂತು. ಗೆಳೆಯ ವೀರೇಶನ ಒಂದು ಶೆಡ್ಡು ಹೊಲಿಗೆ ನಿಂತು ಖಾಲಿ ಬಿದ್ದಿತ್ತು, ಅದೇ ನನ್ನ ಕಾರ್ಖಾನೆಯಾಯಿತು. ಯಾಕೆ ಈ ಉಸಾಬರಿ ಎಂದು ಕೇಳಿದವರಿಗೆ ನಾನು ಏನೇನೋ ಹೇಳುತ್ತಿದ್ದೆ. ಸತ್ಯ ಹೇಳಬೇಕೆಂದರೆ, ಮೂವತ್ತು ವರ್ಷ ಬೇರೆಯವರು ಮಾಡಿದ ಮೆಷಿನನ್ನು ಬಿಚ್ಚಿ ಕಟ್ಟಿದ ಮೇಲೆ ನನ್ನದೇ ಒಂದನ್ನು ಪೂರ್ತಿ ಕಟ್ಟಿ, ಅದು ನೆಲ ಬಿಡುವುದನ್ನು ನೋಡಬೇಕು ಅನ್ನಿಸಿತ್ತು.

ಆ ವಿಮಾನವೆಂದರೆ ತಗಡು ಮತ್ತು ರಿವಿಟ್, ಅಷ್ಟೇ. ತಗಡಿಗೆ ತಗಡು ಹಿಡಿಸುವ ಗಿಡ್ಡ ಮೊಳೆಯಂಥ ರಿವಿಟ್, ಸಾವಿರಾರು. ರಿವಿಟ್ ವಿಷಯದಲ್ಲಿ ನನಗೆ ಎಳ್ಳಷ್ಟೂ ಚಿಂತೆಯಿರಲಿಲ್ಲ. ಜೀನ್ಸ್ ಜೇಬಿನ ಮೂಲೆಗೆ ತಾಮ್ರದ ರಿವಿಟ್ ಕೂರಿಸುವ ಪ್ರೆಸ್ಸುಗಳನ್ನು ಊರಲ್ಲಿ ನನ್ನಷ್ಟು ಬಲ್ಲವರು ಯಾರು? ಕಾಲಲ್ಲಿ ತುಳಿದರೆ ಟಕ್ ಎಂದು ಕೂರುತ್ತದೆ. ಅಂಥದೊಂದು ಪ್ರೆಸ್ಸಿನ ಅಚ್ಚು ಬದಲಿಸಿ, ವಿಮಾನದ ಬಾಲದ ಮೊದಲ ತಗಡಿಗೆ ಒಂದು ಸಾಲು ರಿವಿಟ್ ತುಳಿದೇಬಿಟ್ಟೆ. ಎತ್ತಿ ಬೆಳಕಿಗೆ ಹಿಡಿದರೆ ಪ್ರತಿ ರಿವಿಟ್ಟಿನ ಸುತ್ತ ತಗಡು ಗುಳಿ ಬಿದ್ದು ಪಡ್ಡಿನ ಹಂಚಾಗಿತ್ತು. ವೀರೇಶ ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನ್ರಿ, ವಿಮಾನಕ್ಕ ಪ್ಯಾಂಟಿನ ಗುಂಡಿ ಹಚ್ಚಾಕ ಹತ್ತೀರೇನು?" ಎಂದ.

ಬಟ್ಟೆ ಒತ್ತಿದರೆ ತಗ್ಗುತ್ತದೆ, ತಗಡು ತಗ್ಗುವುದಿಲ್ಲ ಎಂಬ ಸಾಮಾನ್ಯ ಜ್ಞಾನ ಆವತ್ತು ಬಂತು. ನಕ್ಷೆಯ ಜೊತೆಗಿದ್ದ ಪುಸ್ತಕವನ್ನು ಆಮೇಲೆ ಓದಿದೆ. ಗಟ್ಟಿ ರಿವಿಟ್ ಬಡಿಯಲು ಎರಡು ಬದಿ ಬೇಕು. ಈಚೆ ಬದಿಯಿಂದ ಗಾಳಿಯಲ್ಲಿ ಓಡುವ ಸುತ್ತಿಗೆ, ಅದಕ್ಕೆ ಗನ್ ಅನ್ನುತ್ತಾರೆ, ರಿವಿಟ್ಟಿನ ತಲೆಗೆ ಹೊಡೆಯಬೇಕು. ಆಚೆ ಬದಿಯಲ್ಲಿ ಇನ್ನೊಬ್ಬರು ಕಬ್ಬಿಣದ ಗಟ್ಟಿಯನ್ನು ರಿವಿಟ್ಟಿನ ಬಾಲಕ್ಕೆ ಆನಿಸಿ ಹಿಡಿಯಬೇಕು. ಆ ಗಟ್ಟಿಗೆ ತಾಗಿ ತಾಗಿ ಬಾಲ ಚಪ್ಪಟೆಯಾಗಿ ಎರಡು ತಗಡನ್ನು ಬಿಗಿಯಾಗಿ ಹಿಡಿಯುತ್ತದೆ. ಹೊಡೆಯುವವನು ಎಷ್ಟೇ ಜಾಣನಾದರೂ ಹಿಡಿಯುವವರು ಸರಿಯಿಲ್ಲದಿದ್ದರೆ ಎಲ್ಲ ಹಾಳು.

ನಾನು ಮೂರು ನಮೂನೆಯ ಗನ್ ತರಿಸಿದೆ, ನಾಲ್ಕು ಆಕಾರದ ಗಟ್ಟಿ ತರಿಸಿದೆ. ವೀರೇಶನನ್ನು ಆಚೆ ಬದಿಗೆ ಕೂರಿಸಿ ದೊಡ್ಡ ಗನ್ ಹಿಡಿದು ಶುರು ಮಾಡಿದೆ. ಆಗಲೇ ನಮ್ಮ ಅತ್ತೆ ಮಡಕಶಿರದಿಂದ ಬಂದಿದ್ದರು. ಸುವರ್ಣಳಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು, ಮನೆ ನೋಡಿಕೊಳ್ಳಲು ಬಂದವರು. ಪಾವಗಡದಲ್ಲೊಂದು, ಕಲ್ಯಾಣದುರ್ಗದಲ್ಲೊಂದು ಬಸ್ ಬದಲಿಸಿ, ಒಂದು ಕೈಚೀಲದಲ್ಲಿ ರಾಗಿ ಹಿಟ್ಟು, ಇನ್ನೊಂದರಲ್ಲಿ ಹುಣಸೆಹಣ್ಣು ಹೊತ್ತು ಬಂದಿದ್ದರು. ಶೆಡ್ಡು ಮನೆಯ ಹಿತ್ತಲಿಗೇ ಅಂಟಿಕೊಂಡಿದೆ. ನಾನು ನಾಲ್ಕು ರಿವಿಟ್ ಹೊಡೆದಿರಲಿಲ್ಲ, ಹಿತ್ತಲಿಂದ ಅವರ ದನಿ ಕೇಳಿಸಿತು.

"ಏನೇ ಸುವರ್ಣ, ಹಿಂದ್ಗಡೆ ಯಾರೂ ಸರ್ಯಾಗಿ ಹಿಡ್ದಿಲ್ಲ ಕಣೇ. ಸದ್ದೇ ಟೊಳ್ಳು ಬತ್ತೈತೆ."

ತೀರಿಹೋದ ನಮ್ಮ ಮಾವ ತಗಡಿನ ಕೆಲಸದವರಾಗಿದ್ದರು ಎಂಬುದು ನನಗೆ ಗೊತ್ತಿತ್ತು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗಳಿದ್ದಾಗ ನೀರು ತುಂಬುವ ಬಾನಿ, ಆಮೇಲೆ ಶೇಂಗಾ ಬೀಜ ತುಂಬಿಡುವ ಕಣಜ, ಪೆಟ್ಟಿಗೆ, ನೀರಿನ ಡ್ರಮ್ಮು ಬಡಿಯುತ್ತಿದ್ದರು. ಗೊತ್ತಿಲ್ಲದ ಸಂಗತಿಯೆಂದರೆ, ಅವರು ಹೊರಗಿನಿಂದ ಬಡಿಯುವಾಗ ಮೂವತ್ತೈದು ವರ್ಷ ಕಣಜದ ಒಳಗೆ ಕೂತು ಕಬ್ಬಿಣ ಆನಿಸಿ ಹಿಡಿದವರು ಅತ್ತೆ. ಮಾವನ ಹೆಸರು ಮಡಕಶಿರ, ಗುಡಿಬಂಡೆ ಸುತ್ತೆಲ್ಲ ಇತ್ತು. ಅತ್ತೆಗೆ ಆ ಕೆಲಸದಿಂದ ಬಂದದ್ದು ಎಡಗಿವಿ ಮಂದವಾದದ್ದು, ಅಷ್ಟೇ. ಬಲಗಿವಿ ಮಾತ್ರ ಚುರುಕು.

ಸುವರ್ಣ ಹೊಟ್ಟೆ ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದು ಇದನ್ನೆಲ್ಲ ಹೇಳಿ, "ಅಮ್ಮ ಒಮ್ಮೆ ನೋಡ್ತಾಳಂತ್ರಿ" ಎಂದಳು. ನಾನು ಎದ್ದು ಹೊರಗೆ ಹೋದೆ. ನಾನಿದ್ದರೆ ಅವರು ಒಳಗೆ ಬರುವಂತಿರಲಿಲ್ಲ. ಅವರ ಬೆನ್ನ ಹಿಂದಿನ ಕಿಟಕಿಯಿಂದ ನೋಡುತ್ತಿದ್ದೆ.

ಅವರು ನೆಲದ ಮೇಲೆ ಗೋಣಿಚೀಲ ಹಾಸಿ, ನಾನು ತರಿಸಿದ್ದ ನಾಲ್ಕು ಗಟ್ಟಿಗಳನ್ನು ಸಂತೆಯಲ್ಲಿ ಬದನೆಕಾಯಿ ಜೋಡಿಸಿದ ಹಾಗೆ ಜೋಡಿಸಿಕೊಂಡರು. ಒಂದೊಂದನ್ನೇ ಎತ್ತಿ, ಮುಖಕ್ಕೆ ಉಗುರು ಗೀರಿ ನೋಡಿದರು. ಆಮೇಲೆ ಕೈ ಚಾಚಿ ಹಿಡಿದು ಸುಮ್ಮನೆ ಕೂತರು. ಬಹಳ ಹೊತ್ತು ಹಾಗೇ. ನಾನು ಆರಿಸುವಾಗ ಭಾರವಿದ್ದಷ್ಟೂ ಒಳ್ಳೆಯದು ಎಂದು ಓದಿ, ಕರೀ ಲೋಹದ ಅತಿ ಭಾರದ ಒಂದನ್ನು ದೇವರ ಹಾಗೆ ಮೇಲೆ ಇಟ್ಟಿದ್ದೆ. ಅವರು ಅದನ್ನು ಹಿಡಿದು, ಕೈ ಸಣ್ಣಗೆ ನಡುಗಿದ್ದೇ ಕೆಳಗಿಟ್ಟರು.

"ಒಂದ್ ರಿವಿಟ್‌ಗೆ ಇದೇ ಚಂದ ಕಣೇ. ನೂರ್ ರಿವಿಟ್ ಆದ್ಮೇಲೆ ಕೈ ಏನಂತೈತೆ ಅಂತ ನೋಡ್ಬೇಕು. ಅಳಿಯಂದ್ರಿಗೆ ಹೇಳು, ಇವೆಲ್ಡು ಇರ್ಲಿ, ಇವೆಲ್ಡು ಬ್ಯಾಡ. ಇದ್ರ ಮೊಕದಾಗೆ ಗೀರೈತೆ. ಕಬ್ಬಿಣದ ಮೊಕದಾಗೆ ಇರೋ ಗೀರು ರಿವಿಟ್ ಮೊಕಕ್ಕೂ ಬತ್ತೈತೆ."

ಗನ್ ಆರಿಸಿದ್ದೂ ಅವರೇ. ನಾನು ಶೆಡ್ಡಿಗೆ ಮರಳಿದೆ. ಒಂದು ಹಳೆಯ ತಗಡನ್ನು ನಿಲ್ಲಿಸಿ ಈಚೆ ನಾನು, ಆಚೆ ಅವರು. ಮೂರೂ ಗನ್ನನ್ನು ಒಂದೊಂದಾಗಿ ಹೊಡೆಯಲು ಹೇಳಿಕಳಿಸಿದರು. ತಗಡಿನ ಹಿಂದೆ ಬರಿಗೈ ಇಟ್ಟಿದ್ದರಂತೆ. ನನ್ನ ಹೆಮ್ಮೆಯ ದೊಡ್ಡ ಗನ್ ಹೊಡೆದಾಗ ಕೈ ತೆಗೆದುಬಿಟ್ಟರು. "ಇದು ಬಡ್ಯಾದಲ್ಲ ಕಣೇ, ಬೈಯಾದು" ಎಂದದ್ದು ತಗಡಿನ ಮೇಲಿಂದ ನನಗೂ ಕೇಳಿಸಿತು. ಎಲ್ಲಕ್ಕಿಂತ ಸಣ್ಣದನ್ನು, ಗಾಳಿಯ ಒತ್ತಡ ಇಳಿಸಿ, ನಿಧಾನವಾಗಿ ಹೊಡೆಸಿದಾಗ ಒಪ್ಪಿದರು. ನಾನು ಮೂರು ತಿಂಗಳು ಪುಸ್ತಕ ಓದಿ ಆರಿಸಿದ್ದನ್ನು ಅವರು ಒಂದು ಮಧ್ಯಾಹ್ನದಲ್ಲಿ ಅಂಗೈಯಿಂದ ತಿದ್ದಿದರು. ನನಗೆ ಸ್ವಲ್ಪ ಸಿಟ್ಟೂ ಬಂತು ಅನ್ನುವುದನ್ನು ಮುಚ್ಚಿಡಲಾರೆ.

ಮರುವಾರ ಮಡಕಶಿರದಿಂದ ಅವರ ಕಬ್ಬಿಣ ಬಂತು. ಲಾರಿ ಆಕ್ಸೆಲಿನ ಒಂದು ತುಂಡು, ಗೇಣುದ್ದ. ಮೂರು ಬದಿ ಕಪ್ಪು, ಒಂದು ಬದಿ ಮುಖ ಕಾಣುವಷ್ಟು ನುಣುಪು. ಹಿಡಿಯುವ ಕಡೆ ಸುತ್ತಿದ್ದ ಬಟ್ಟೆ ಚಿಂದಿಯಾಗಿತ್ತು. ಅದನ್ನು ಬಿಚ್ಚಿ, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಜೀನ್ಸ್ ತುಂಡೊಂದನ್ನು ಸುತ್ತಿ ಹೊಲಿದರು. "ರಾಯದುರ್ಗದ ಬಟ್ಟೆ ಗಟ್ಟಿ" ಎಂದು ಮಗಳೊಡನೆ ಅಂದರಂತೆ. ಅವರು ನಮ್ಮ ಊರನ್ನು ಹೊಗಳಿದ್ದು ಅದೊಂದೇ ಸಲ.

ವಿಮಾನದ ಹಿಂಭಾಗ ಬಾಲದ ಕಡೆಗೆ ಸಣ್ಣದಾಗುತ್ತ ಹೋಗುವ ತಗಡಿನ ಗೂಡು. ಅದರೊಳಗೆ ಯಾರಾದರೂ ತೆವಳಿ ಹೋಗಿ ಕೂತರೆ ಮಾತ್ರ ಆ ರಿವಿಟ್ ಬಡಿಯಲು ಸಾಧ್ಯ. ವೀರೇಶನ ಹೊಟ್ಟೆ ಅದಕ್ಕೆ ಒಪ್ಪಲಿಲ್ಲ. ನಾನು ಹೊರಗೆ ಸರಿದ ಮೇಲೆ ಅತ್ತೆ ಸೀರೆಯ ಕಚ್ಚೆ ಬಿಗಿದು, ಗೋಣಿಚೀಲ ಹಾಸಿಕೊಂಡು, ಹಿತ್ತಲ ಬಾಗಿಲಲ್ಲಿ ನುಗ್ಗಿದಷ್ಟು ಸುಲಭವಾಗಿ ಒಳಗೆ ಹೋದರು. ಒಳಗಿಂದ ಮಗಳನ್ನು ಕೇಳಿದರು.

"ಈ ಕಣಜಕ್ಕೆ ಏನ್ ತುಂಬ್ತಾರಂತೆ?"

"ಏನೂ ಇಲ್ಲಮ್ಮ, ಖಾಲಿ ಇರ್ತೈತೆ."

"ಅಯ್ಯೋ, ಖಾಲಿ ಕಣಜಕ್ಕೆ ಇಷ್ಟ್ ಬಿಗಿ ಯಾಕೇ?"

ಸುವರ್ಣ ನಗಲು ಹೋಗಿ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡಳು. ಅವಳು ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಅವಳು ಮನೆಗೆ ಹೋದ ಮೇಲೆ ನಮ್ಮಿಬ್ಬರ ನಡುವೆ ಮಾತು ದಾಟಿಸಲು ಯಾರೂ ಇಲ್ಲ. ಆಗ ಅತ್ತೆ ತಮ್ಮ ಕಸುಬಿನ ಭಾಷೆ ತೆಗೆದರು. ಮಾವ ಕಣಜದ ಹೊರಗೆ, ತಾವು ಒಳಗೆ ಇದ್ದಾಗ ಆಡುತ್ತಿದ್ದ ಭಾಷೆ ಅದು, ಸುವರ್ಣ ಹೋಗುವ ಮುನ್ನ ನನಗೆ ಹೇಳಿಕೊಟ್ಟಿದ್ದಳು. ಒಳಗಿಂದ ಒಂದು ಸಲ ತಟ್ಟಿದರೆ, ಇನ್ನೂ ಹೊಡಿ. ಎರಡು ಸಲ ತಟ್ಟಿದರೆ, ಕೂತಿದೆ, ಸಾಕು. ಮೂರು ಸಲ ತಟ್ಟಿದರೆ, ಕೆಟ್ಟಿದೆ, ಕಿತ್ತು ಹಾಕು.

ಅಲ್ಲಿಂದ ಎರಡು ತಿಂಗಳು ನಾವು ಹಾಗೆ ಕೆಲಸ ಮಾಡಿದೆವು. ತಗಡು ನಮ್ಮಿಬ್ಬರ ನಡುವಿನ ಬಾಗಿಲಾಗಿತ್ತು. ಅವರ ಮರ್ಯಾದೆಗೆ ಚ್ಯುತಿಯಿರಲಿಲ್ಲ, ನನಗೂ ಸಂಕೋಚವಿರಲಿಲ್ಲ. ನಾನು ಹೊಡೆಯುತ್ತಿದ್ದೆ, ಟಕ್. ಮತ್ತೆ ಹೊಡೆಯುತ್ತಿದ್ದೆ, ಟಕ್ ಟಕ್. ಮೂರು ತಟ್ಟು ಬಂದಾಗ ಮೊದಮೊದಲು ನಾನು ಉದ್ದನೆಯ ಹಿಡಿಯ ಕನ್ನಡಿ ಮತ್ತು ಬ್ಯಾಟರಿ ಹಿಡಿದು ಒಳಗೆ ಇಣುಕಿ ನೋಡುತ್ತಿದ್ದೆ, ಗೇಜು ಇಟ್ಟು ಅಳೆಯುತ್ತಿದ್ದೆ. ಪ್ರತಿ ಸಲವೂ ಅವರೇ ಸರಿ. ಕ್ರಮೇಣ ನೋಡುವುದನ್ನು ಬಿಟ್ಟು ಮೂರು ಕೇಳಿಸಿದರೆ ಸುಮ್ಮನೆ ಡ್ರಿಲ್ ಎತ್ತಿಕೊಳ್ಳುತ್ತಿದ್ದೆ. ಒಮ್ಮೆ ಒಂದೇ ತೂತಿಗೆ ನಾಲ್ಕು ರಿವಿಟ್ ಕೆಟ್ಟವು. ಐದನೆಯದಕ್ಕೆ ಎರಡು ತಟ್ಟು ಬಂದ ಮೇಲೆ ಒಳಗಿಂದ ಸಣ್ಣಗೆ ನಕ್ಕ ಸದ್ದು ಕೇಳಿಸಿತು. ಅತ್ತೆಯ ನಗು ನಾನು ಕೇಳಿದ್ದು ಅವತ್ತೇ. ಮಧ್ಯಾಹ್ನ ಬಿಸಿಲಿಗೆ ಶೆಡ್ಡು ಕಾದರೆ ನಾನೇ ಕೆಲಸ ನಿಲ್ಲಿಸಿ ಹೊರಗೆ ಹೋಗುತ್ತಿದ್ದೆ. ಆಮೇಲೆ ಅವರು ತೆವಳಿ ಹೊರಬಂದು, ಕಬ್ಬಿಣದ ಮುಖಕ್ಕೆ ಎಣ್ಣೆ ಸವರಿ, ಸೆರಗಿನಿಂದ ಒರೆಸಿ ಇಟ್ಟು ಮನೆಗೆ ಹೋಗುತ್ತಿದ್ದರು.

ಸಂಬಂಧಿಕರಲ್ಲಿ ಮಾತು ಹಬ್ಬಿತ್ತು. ಅತ್ತೆಯ ಕೈಲಿ ಕೂಲಿ ಕೆಲಸ ಮಾಡಿಸುತ್ತಾನಂತೆ, ವಯಸ್ಸಾದವರನ್ನು ಡಬ್ಬಿಯೊಳಗೆ ಕೂರಿಸುತ್ತಾನಂತೆ ಎಂದು. ಅದು ನನ್ನ ಕಿವಿಗೂ ಬಿದ್ದಿತ್ತು, ಒಳಗೊಳಗೇ ಕುಟುಕುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದರೆ ಆವತ್ತು ನನ್ನ ನಾಲಿಗೆಯ ಮೇಲೆ ಆ ಮಾತು ಹೇಗೆ ಬಂತು ಎಂದು ಹುಡುಕುತ್ತ ಹೋದರೆ ದಾರಿ ಇಲ್ಲಿಂದಲೇ ಶುರುವಾಗುತ್ತದೆ.

ಆವತ್ತು ಬೆಂಗಳೂರಿನಿಂದ ಒಬ್ಬರು ಹಿರಿಯ ಇಂಜಿನಿಯರ್ ಬಂದಿದ್ದರು. ವಿಮಾನದ ಕೆಲಸದಲ್ಲಿ ಜೀವಮಾನ ಕಳೆದು ನಿವೃತ್ತರಾದವರು. ಯಾರೋ ಪರಿಚಯಸ್ಥರು ಹೇಳಿ, ನನ್ನ ಕೆಲಸ ನೋಡಲು ಒಪ್ಪಿ ಬಂದಿದ್ದರು. ಅವರು ಚೆನ್ನಾಗಿದೆ ಅಂದರೆ ನನಗೆ ಧೈರ್ಯ, ಮುಂದಿನ ಪರೀಕ್ಷೆಗಳಿಗೆ ದಾರಿ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಿವಿಟ್ ಹೊಡೆಯುತ್ತಿದ್ದೆ ಅಂದರೆ ನನ್ನ ಸಡಗರ ಅರ್ಥವಾದೀತು. ಅತ್ತೆ ಮುಂಚೆಯೇ ಒಳಗೆ ಹೋಗಿ ಕೂತಿದ್ದರು. ಬಾಲದ ಕೊನೆಯ ಹತ್ತಿರ, ಎರಡು ತಗಡು ಮತ್ತು ಒಂದು ಪಟ್ಟಿ ಸೇರುವ ಬಿಗಿಯಾದ ಜಾಗದಲ್ಲಿ ಆ ದಿನದ ಸಾಲು.

ಆರೋ ಏಳೋ ರಿವಿಟ್ ಚೆನ್ನಾಗಿ ಕೂತವು. ಮುಂದಿನದನ್ನು ಹೊಡೆದೆ. ಒಳಗಿಂದ ಮೂರು ತಟ್ಟು.

ಇಂಜಿನಿಯರ್ ಬಗ್ಗಿ ಹೊರಗಿನ ತಲೆಯ ಮೇಲೆ ಬೆರಳಾಡಿಸಿ, "ವೆರಿ ನೀಟ್" ಎಂದರು. ನಾನು ಹಿಗ್ಗಿದೆ. ಅದನ್ನು ಅವರೆದುರು ಕೀಳುವ ಮನಸ್ಸಾಗಲಿಲ್ಲ. ಸುಮ್ಮನೆ ಮುಂದಿನ ತೂತಿಗೆ ರಿವಿಟ್ ಹಾಕಿದೆ. ಹೊಡೆಯುವ ಮೊದಲೇ ಮತ್ತೆ ಮೂರು ತಟ್ಟು, ಈ ಸಲ ಜೋರಾಗಿ.

"ಏನದು ಸದ್ದು? ಯಾರಿದಾರೆ ಒಳಗೆ?" ಎಂದು ಅವರು ಕೇಳಿದರು.

"ಯಾರೂ ಇಲ್ರಿ, ಕೆಲಸದಾಕಿ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಆಕಿಗೇನು ತಿಳೀತದ, ಸುಮ್ನ ತಟ್ಟತಾಳ" ಎಂದೂ ಸೇರಿಸಿದೆ.

ಅತ್ತೆಯ ಬಲಗಿವಿ ಚುರುಕು ಎಂದು ಮೊದಲೇ ಹೇಳಿದೆ. ತಗಡಿನ ದಪ್ಪ ಒಂದು ಮಿಲಿಮೀಟರೂ ಇಲ್ಲ. ಒಳಗೆ ಕಡಗ ತಗಡಿಗೆ ತಾಗಿದ ಸದ್ದಾಯಿತು. ಆಮೇಲೆ ನಿಧಾನವಾಗಿ ಎರಡು ತಟ್ಟು ಬಂತು.

ನಾನು ನಿಟ್ಟುಸಿರು ಬಿಟ್ಟೆ. ಮತ್ತೆ ಕೈಯಾಡಿಸಿ ನೋಡಿರಬೇಕು, ಸರಿಯಿದೆ ಅನ್ನಿಸಿರಬೇಕು ಅಂದುಕೊಂಡೆ. ಆ ಸಾಲು ಮುಗಿಯುವವರೆಗೆ ಒಳಗಿಂದ ಬಂದದ್ದೆಲ್ಲ ಎರಡೇ ತಟ್ಟು. ಇಂಜಿನಿಯರ್ ಬಹಳ ಮೆಚ್ಚಿ, ನನ್ನ ಬೆನ್ನು ತಟ್ಟಿ ಹೋದರು. ಸಂಜೆ ಕನ್ನಡಿ ಹಿಡಿದು ಆ ರಿವಿಟ್ಟಿನ ಬಾಲ ನೋಡಿದೆ, ಗೇಜಿಗೆ ಸರಿಯಾಗಿತ್ತು. ನೋಡಿದ್ದರಿಂದ ನನ್ನ ಮನಸ್ಸು ಇನ್ನೂ ಹಗುರಾಯಿತು.

ಮೂರನೆಯ ದಿನ ಅತ್ತೆ ಊರಿಗೆ ಹೊರಟರು. "ಮನೇಲಿ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಸೊಸೆ ಒಬ್ಳೇ ಆಗ್ತಾಳೆ ಅಂತ ಅಳಿಯಂದ್ರಿಗೆ ಹೇಳು" ಎಂದರು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಸುವರ್ಣಳೂ ಅಷ್ಟರಲ್ಲಿ ಚೇತರಿಸಿಕೊಂಡಿದ್ದಳು. ಅವರು ಹೋದ ಮೇಲೆ ನೋಡಿದರೆ ಆಕ್ಸೆಲಿನ ತುಂಡು ಬೆಂಚಿನ ಮೇಲೆಯೇ ಇತ್ತು. ಮುಖಕ್ಕೆ ಎಣ್ಣೆ ಸವರಿ, ಜೀನ್ಸ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಮರೆತರೇನೋ ಎಂದು ಫೋನ್ ಮಾಡಿಸಿದೆ. "ಅಲ್ಲೇ ಇರ್ಲಿ" ಎಂದರಂತೆ.

ಆಮೇಲೆ ನಾನು ಉಪಕರಣ ಆರಿಸಿದ ಬಗೆಯನ್ನು ನೆನೆದರೆ ನಾಚಿಕೆಯಾಗುತ್ತದೆ. ಒಬ್ಬನೇ ಕೆಲಸ ಮಾಡುವಂಥವನ್ನು ಹುಡುಕಿ ಹುಡುಕಿ ತರಿಸಿದೆ. ಉದ್ದ ದವಡೆಯಲ್ಲಿ ತಗಡಿನ ಎರಡೂ ಬದಿ ಕಚ್ಚಿ ಒತ್ತುವ ಇಕ್ಕಳ. ಈಚೆ ಬದಿಯಿಂದಲೇ ಎಳೆದು ಬಿಗಿಯುವ ಪಾಪ್ ರಿವಿಟ್ಟಿನ ಗನ್. ನಕ್ಷೆಯವರು ಬಾಕಿ ಕೆಲವು ಜಾಗಕ್ಕೆ ಅದನ್ನು ಒಪ್ಪುತ್ತಿದ್ದರು. ಯಾರೂ ತಟ್ಟುವುದಿಲ್ಲ, ಯಾರೂ ಕಿತ್ತು ಹಾಕು ಅನ್ನುವುದಿಲ್ಲ. ಎಳೆದರೆ ಪಟ್ ಎಂದು ಮೊಳೆ ಮುರಿದು ಬೀಳುತ್ತದೆ, ಕೆಲಸ ಮುಗಿಯುತ್ತದೆ. ವಿಮಾನ ಬೇಗ ಬೇಗ ಬೆಳೆಯಿತು. ಶೆಡ್ಡು ಮಾತ್ರ ಮೊದಲಿನಂತಿರಲಿಲ್ಲ. ಏನೋ ಹೊಡೆದು, ಆಚೆಯಿಂದ ಉತ್ತರಕ್ಕೆ ಕಾಯುವ ಅಭ್ಯಾಸ ಕಿವಿಗೆ ಅಂಟಿಬಿಟ್ಟಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಅತ್ತೆಗೆ ಹುಷಾರಿಲ್ಲ ಎಂದು ಸುದ್ದಿ ಬಂತು. ಸುವರ್ಣಳನ್ನು ಕರೆದುಕೊಂಡು ಮಡಕಶಿರಕ್ಕೆ ಹೋದೆ. ಬೆಟ್ಟದ ಕೆಳಗಿನ ಓಣಿಯಲ್ಲಿ ಅವರ ಮನೆ. ನಡುಮನೆಗೆ ಕಾಲಿಡುವಾಗಲೇ ಒಳಕೋಣೆಯಿಂದ ಕೆಮ್ಮಿನ ನಡುವೆ ದನಿ ಬಂತು. "ಅಳಿಯಂದ್ರು ಬಂದ್ರಾ? ಬಾಗ್ಲು ಮುಂದಕ್ಕೆ ತಳ್ಳೇ." ಮಲಗಿದ್ದವರನ್ನು ಅಳಿಯ ನೋಡಬಾರದು. ಅವರ ಸೊಸೆ ಬಾಗಿಲು ತಳ್ಳಿದಳು. ಮಾವ ತಾವೇ ಬಡಿದು ಮಾಡಿದ ತಗಡಿನ ಬಾಗಿಲು ಅದು. ಅಂಚಿನುದ್ದಕ್ಕೂ ರಿವಿಟ್ ಸಾಲು, ಒಂದೂ ಅತ್ತಿತ್ತ ಇಲ್ಲ. ಒಂದೊಂದರ ಹಿಂದೆಯೂ ಅತ್ತೆಯ ಕಬ್ಬಿಣ ಇದ್ದಿರಬೇಕು.

ಊಟವಾದ ಮೇಲೆ ಸುವರ್ಣ ಮಾತ್ರೆ ತರಲು ಅಂಗಡಿಗೆ ಹೋದಳು. ಭಾವಮೈದುನ ಮತ್ತು ಅವನ ಹೆಂಡತಿ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋದರು. ಮನೆಯಲ್ಲಿ ಉಳಿದವರು ನಾವಿಬ್ಬರೇ, ನಡುವೆ ಆ ಬಾಗಿಲು. ದುಭಾಷಿ ಇಲ್ಲ. ತಪ್ಪಾಯಿತು ಎನ್ನಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನೇರವಾಗಿ ಮಾತಾಡಿಸದವನು ಏನೆಂದು ಶುರು ಮಾಡಲಿ? ಕೊನೆಗೆ ಎದ್ದು ಹೋಗಿ, ಬಾಗಿಲಿನ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದೆ. ಕೆಟ್ಟಿದೆ. ನಾನು ಕೆಡಿಸಿದೆ.

ಒಳಗೆ ಕೆಮ್ಮು ನಿಂತಿತು. ಮಂಚ ಕಿರ್ರೆಂದಿತು. ಎದ್ದು ಬರುತ್ತಿದ್ದಾರೆ ಎಂದು ಗೊತ್ತಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಕಡಗ ತಗಡಿಗೆ ತಾಗಿದ ಸದ್ದು ಬಂತು. ಆಮೇಲೆ ನಿಧಾನವಾಗಿ ಎರಡು ತಟ್ಟು.

ನನ್ನ ಕಣ್ಣಲ್ಲಿ ನೀರು ಬಂತು. ಕೂತಿದೆ, ಸಾಕು. ಕ್ಷಮಿಸಿದರು ಅಂದುಕೊಂಡೆ. ಹಿಂದಿರುಗುವಾಗ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಸುವರ್ಣಳಿಗೆ ಮಿರ್ಚಿ ಬಜ್ಜಿ ಕೊಡಿಸಿ, ಊರು ಸೇರುವವರೆಗೂ ವಿಮಾನದ ವಿಷಯ ಬಡಬಡಿಸಿದೆ. "ಏನ್ರಿ ಇವತ್ತು ಇಷ್ಟು ಖುಷಿ?" ಎಂದು ಅವಳು ಕೇಳಿದಳು. ನಾನು ಮಾತನ್ನು ರೆಕ್ಕೆಯ ಕಡೆಗೆ ತಿರುಗಿಸಿದೆ.

ಕಾರ್ತಿಕದಲ್ಲಿ ಅತ್ತೆ ತೀರಿಕೊಂಡರು. ಅಂದು ಬಾಗಿಲು ತೆರೆದೇ ಇತ್ತು. ಅವರ ಪೂರ್ತಿ ಮುಖವನ್ನು ನಾನು ಸರಿಯಾಗಿ ಕಂಡದ್ದು ಆವತ್ತೇ. ಸುವರ್ಣಳ ಮೂಗು ಅವರದೇ ಎಂದು ಅಷ್ಟು ವರ್ಷದ ಮೇಲೆ ಗೊತ್ತಾಯಿತು.

ಸಂಕ್ರಾಂತಿ ಕಳೆದ ಮೇಲೆ ಬಾಲದ ಚಕ್ರ ಜೋಡಿಸಲು ಕೂತೆ. ಅದರ ಕಂಬಿ ಕೂರಿಸಲು ಇಂಜಿನಿಯರ್ ಬಂದ ದಿನ ಹೊಡೆದ ಸಾಲಿನಲ್ಲಿ ಎರಡು ರಿವಿಟ್ ತೆಗೆಯಬೇಕಿತ್ತು. ಡ್ರಿಲ್ ಮಾಡಿ ತಲೆ ತೆಗೆದು ಸಣ್ಣ ಮೊಳೆಯಿಂದ ತಳ್ಳಿದರೆ ಒಂದು ಸುಲಭವಾಗಿ ಉದುರಿತು. ಇನ್ನೊಂದು ಅಲ್ಲಾಡಲಿಲ್ಲ. ಎಷ್ಟು ತಟ್ಟಿದರೂ ಬರಲಿಲ್ಲ. ಕೊನೆಗೆ ತಗಡನ್ನು ಸ್ವಲ್ಪ ಎಬ್ಬಿಸಿ ತೆಗೆದು ನೋಡಿದೆ. ರಿವಿಟ್ಟಿಗೆ ನಡುವಿನಲ್ಲಿ ಹೊಟ್ಟೆ ಬಂದಿತ್ತು. ಹೊಡೆಯುವಾಗ ಎರಡು ತಗಡು ಒಂದಕ್ಕೊಂದು ಅಂಟಿರಲಿಲ್ಲ, ನಡುವೆ ಕೂದಲೆಳೆಯ ಸಂದು. ಆ ಸಂದಿನಲ್ಲಿ ರಿವಿಟ್ ಉಬ್ಬಿಕೊಂಡು, ಬಿಗಿಯಬೇಕಾದ ತಗಡುಗಳನ್ನು ತಾನೇ ದೂರ ಹಿಡಿದಿತ್ತು. ಹೊರಗಿನ ತಲೆಯಲ್ಲಿ ಇದು ಕಾಣುವುದಿಲ್ಲ. ಗೇಜಿಗೂ ಕನ್ನಡಿಗೂ ಸಿಕ್ಕುವುದಿಲ್ಲ. ಒಳಗೆ ಕೂತು ಅಂಗೈ ಇಟ್ಟವರಿಗೆ ಮಾತ್ರ ತಿಳಿಯುತ್ತದೆ.

ಅದನ್ನು ಬೆಳಕಿಗೆ ಹಿಡಿದು, ಅದರ ಹೊಟ್ಟೆಯ ಮೇಲೆ ಉಗುರು ಗೀರಿ ನೋಡಿದೆ. ಅವರು ಎರಡನೆಯ ಸಲ ಕೈಯಾಡಿಸಿ ನೋಡಿ ಮನಸ್ಸು ಬದಲಿಸಿರಲಿಲ್ಲ. ರಿವಿಟ್ ಕೆಟ್ಟದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಟ್ಟಿದರು. ಏನೂ ತಿಳಿಯದ ಕೆಲಸದಾಕೆ ಎಂದು ಅಳಿಯ ಹೇಳಿದ ಮೇಲೆ ಇನ್ನೇನು ತಟ್ಟಿಯಾರು? ಆಗ ಇನ್ನೊಂದು ನೆನಪಾಯಿತು. ಮಡಕಶಿರದ ಬಾಗಿಲಿನಿಂದ ಬಂದದ್ದೂ ಎರಡು ತಟ್ಟು. ಹಾಗೆಯೇ ಕಡಗ ತಗಡಿಗೆ ತಾಗಿಸಿ, ಅಷ್ಟೇ ನಿಧಾನವಾಗಿ ತಟ್ಟಿದ್ದು.

ಆವತ್ತು ಸುವರ್ಣಳಿಗೆ ಎಲ್ಲ ಹೇಳಿದೆ. ಕೆಲಸದಾಕಿ ಎಂದದ್ದು, ಬಾಗಿಲು ತಟ್ಟಿದ್ದು, ಒಂದನ್ನೂ ಬಿಡಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಬಾಗಿಲ ಹಿಂದ ಎರಡು ತಟ್ಟಿದ್ರಲ್ಲ, ಅದು ಖರೇನ ಇರ್ತದೇನ?" ಎಂದು ಕೇಳಿದೆ. ದುಭಾಷಿಯನ್ನು ಕೇಳುವ ಹಾಗೆಯೇ ಕೇಳಿದೆ.

ಅವಳು ಮೊರವನ್ನು ಪಕ್ಕಕ್ಕೆ ಇಟ್ಟಳು. "ನಾ ಹೆಂಗ ಹೇಳ್ಲಿರಿ? ಅಮ್ಮ ಯಾವತ್ತರ ನಿಮ್ಮ ಮಾತಿಗೆ ಎದುರು ಹೇಳ್ಯಾಳೇನು?"

ಹೇಳಿದ್ದರು. ಒಂದೇ ಒಂದು ಜಾಗದಲ್ಲಿ, ತಗಡಿನ ಆಚೆ ಬದಿಯಲ್ಲಿ ಕೂತು, ಎರಡು ತಿಂಗಳು ದಿನಾ ಹೇಳಿದ್ದರು. ಆ ಜಾಗವನ್ನೂ ನಾನೇ ಕಿತ್ತುಕೊಂಡೆ.

ವಿಮಾನ ಈಗ ರೆಕ್ಕೆ, ಚಕ್ರ, ಎಂಜಿನ್ ಎಲ್ಲ ಜೋಡಿಸಿಕೊಂಡು ಶೆಡ್ಡಿನಲ್ಲಿ ನಿಂತಿದೆ. ಬಾಲದ ಹತ್ತಿರ, ಆ ಹೊಟ್ಟೆ ಬಂದ ರಿವಿಟ್ ಇದ್ದ ತೂತು ಮಾತ್ರ ಖಾಲಿ. ಅದು ತುಂಬದೆ ಯಾವ ಪರೀಕ್ಷಕರನ್ನೂ ಕರೆಯುವಂತಿಲ್ಲ, ವಿಮಾನ ನೆಲ ಬಿಡುವಂತಿಲ್ಲ. ವೀರೇಶ ಬಂದಾಗಲೆಲ್ಲ, "ಒಂದು ಪಾಪ್ ರಿವಿಟ್ ಹಾಕಿ ಮುಗಸ್ರಿ ಮಾರಾಯ್ರ, ಯಾಕ ಇಷ್ಟು ದಿನ?" ಅನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ, ನಾನೊಬ್ಬನೇ ಐದು ನಿಮಿಷದಲ್ಲಿ ಮುಗಿಸಬಹುದು. ಆದರೆ ಆಚೆಯಿಂದ ತಟ್ಟುವವರಿಲ್ಲದೆ ಆ ತೂತು ತುಂಬಲು ಮನಸ್ಸು ಬಾರದು. ವಾರಕ್ಕೊಮ್ಮೆ ಆ ಆಕ್ಸೆಲ್ ತುಂಡಿನ ಬಟ್ಟೆ ಬಿಚ್ಚಿ, ಮುಖಕ್ಕೆ ಎಣ್ಣೆ ಸವರಿ, ಮತ್ತೆ ಸುತ್ತಿ ಬೆಂಚಿನ ಮೇಲೆ ಇಡುತ್ತೇನೆ.